ಮಗಳಿಗೆ ಎ ಅಂಡ್ ಎಂ ಇನ್-ಸ್ಟೇಟೋ, ಮಿಶಿಗನ್ ಔಟ್-ಆಫ್-ಸ್ಟೇಟೋ? ಮೇ 1 ಹತ್ರ ಬಂತು, ತೀರ್ಮಾನ ಆಗ್ತಿಲ್ಲ

ಫ್ರಿಸ್ಕೋ_ಅಪ್ಪ

ಎಲ್ರಿಗೂ ನಮಸ್ಕಾರ. ಡಲ್ಲಾಸ್ ಹತ್ರ ಫ್ರಿಸ್ಕೋದಲ್ಲಿದೀವಿ, ಮಗಳಿಗೆ ಹೈಸ್ಕೂಲ್ ಕೊನೇ ವರ್ಷ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮಾಡ್ಬೇಕು ಅಂತ ಒಂಬತ್ತನೇ ಕ್ಲಾಸಿಂದ ಹೇಳ್ತಾ ಇದಾಳೆ, ಬರೀ ಬಾಯಿ ಮಾತಲ್ಲ, ನಾಲ್ಕು ವರ್ಷ ಸ್ಕೂಲ್ ರೋಬಾಟಿಕ್ಸ್ ಟೀಮಲ್ಲಿದ್ದು ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿ ಕೈಯೆಲ್ಲ ಗ್ರೀಸ್ ಮಾಡ್ಕೊಂಡು ರಾತ್ರಿ ಹತ್ತಕ್ಕೆ ಮನೆಗೆ ಬರೋ ಹುಡುಗಿ. ಈಗ ಕೈಯಲ್ಲಿ ಎರಡು ಆಫರ್ ಇದೆ, ಮೇ 1ರೊಳಗೆ ಒಂದನ್ನ ಒಪ್ಕೋಬೇಕು. ಒಂದು ಟೆಕ್ಸಾಸ್ ಎ ಅಂಡ್ ಎಂ, ಇನ್-ಸ್ಟೇಟ್, ಅಂದ್ರೆ ನಮ್ಮ ರಾಜ್ಯದ್ದೇ ಯೂನಿವರ್ಸಿಟಿ, ಇಲ್ಲಿನವರಿಗೆ ಕಡಿಮೆ ಫೀ, ಟ್ಯೂಷನ್ನು ರೂಮು ಊಟ ಪುಸ್ತಕ ಎಲ್ಲ ಸೇರಿ ವರ್ಷಕ್ಕೆ 33 ಸಾವಿರ ಡಾಲರ್ ಹತ್ರ. ಇನ್ನೊಂದು ಯೂನಿವರ್ಸಿಟಿ ಆಫ್ ಮಿಶಿಗನ್, ಆನ್ ಆರ್ಬರ್, ಅಲ್ಲಿ ನಾವು ಔಟ್-ಆಫ್-ಸ್ಟೇಟ್, ಹೊರರಾಜ್ಯದವರು, ಮೊದಲನೇ ವರ್ಷವೇ 82 ಸಾವಿರ, ಅಲ್ಲಿ ಮೂರನೇ ವರ್ಷದಿಂದ ಟ್ಯೂಷನ್ ರೇಟೇ ಜಾಸ್ತಿ, ಹಾಗಾಗಿ ನಾಲ್ಕು ವರ್ಷಕ್ಕೆ 3 ಲಕ್ಷ 40 ಸಾವಿರ ಅಂತ ಇಟ್ಕೊಂಡಿದೀನಿ. ಸ್ಕಾಲರ್‌ಶಿಪ್ ಒಂದು ಪೈಸೆ ಬಂದಿಲ್ಲ. ಕಾಲೇಜಿಗೆ ಅಂತ ಉಳಿಸೋ 529 ಅಕೌಂಟಲ್ಲಿ ಅವಳ ಹೆಸರಲ್ಲಿ 95 ಸಾವಿರ ಇದೆ. ನಾವಿಬ್ರೂ ಕೆಲಸ ಮಾಡ್ತೀವಿ, ಮನೆ ಸಾಲ ಇದೆ, ಮಗ ಇನ್ನೂ ಎಂಟನೇ ಕ್ಲಾಸು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಅಪ್ಲಿಕೇಶನ್ ಹಾಕೋವಾಗ "ಎಲ್ಲಿ ಬೇಕಾದ್ರೂ ಹಾಕಮ್ಮ, ದುಡ್ಡಿನ ವಿಷ್ಯ ನಮಗೆ ಬಿಡು" ಅಂದಿದ್ದೆ. ಜನವರಿ ಕೊನೇಲಿ ಮಿಶಿಗನ್ ರಿಸಲ್ಟ್ ಬಂದ ರಾತ್ರಿ ಲ್ಯಾಪ್‌ಟಾಪ್ ಎದೆಗೆ ಅವಚಿಕೊಂಡು ಮೆಟ್ಟಿಲು ಇಳಿದು ಬಂದ್ಲು, ಹೆಂಡತಿ ಅತ್ತಳು, ನಾನೂ ಅತ್ತೆ. ಯುಗಾದಿ ಪ್ರೋಗ್ರಾಮಲ್ಲಿ ಸಿಕ್ಕವರೆಲ್ಲ "ಓ ಮಿಶಿಗನ್ನಾ, ಸೂಪರ್" ಅಂದ್ರು. ಆಮೇಲೆ ಕೂತು ಲೆಕ್ಕ ಹಾಕಿದೆ. ಈಗ ಅವಳಿಗೆ ಯಾವ ಮುಖ ಇಟ್ಕೊಂಡು ಬೇಡ ಅನ್ನಲಿ, ಅಥವಾ ಬೇಡ ಅನ್ನೋದೇ ತಪ್ಪಾ? ಇದನ್ನ ದಾಟಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ಲೆಕ್ಕದ_ಮೇಷ್ಟ್ರು

ನಮಸ್ಕಾರ ಸರ್. ನಾನು ನ್ಯೂಜೆರ್ಸಿ, ಇಬ್ಬರು ಮಕ್ಕಳನ್ನ ಓದಿಸಿ ಮುಗಿಸಿದವನು. ಮೊದಲು ನಿಮ್ಮ ಅಂಕಿನೇ ಎದುರಿಗೆ ಇಡೋಣ. ಎ ಅಂಡ್ ಎಂ ನಾಲ್ಕು ವರ್ಷಕ್ಕೆ 1 ಲಕ್ಷ 32 ಸಾವಿರ, 529 ಕಳೆದ್ರೆ ಉಳಿಯೋದು 37 ಸಾವಿರ. ಮಿಶಿಗನ್‌ನಲ್ಲಿ 529 ಕಳೆದ ಮೇಲೂ 2 ಲಕ್ಷ 45 ಸಾವಿರ ಉಳಿಯುತ್ತೆ. ಈ ಎರಡನೇ ಅಂಕಿ ಎಲ್ಲಿಂದ ಬರುತ್ತೆ ಅನ್ನೋದೊಂದೇ ಪ್ರಶ್ನೆ, ಯಾವುದು ದೊಡ್ಡ ಕಾಲೇಜು ಅನ್ನೋದು ಆಮೇಲೆ.

ಮಗಳ ಹೆಸರಲ್ಲಿ ಸರ್ಕಾರ ಕೊಡೋ ಸಾಲ ಮೊದಲ ವರ್ಷ 5,500, ಎರಡನೇ ವರ್ಷ 6,500, ಆಮೇಲೆ 7,500, 7,500. ಒಟ್ಟು 27 ಸಾವಿರ, ಅಷ್ಟೇ. ಇದಕ್ಕಿಂತ ಜಾಸ್ತಿ ಅವಳ ಹೆಸರಲ್ಲಿ ಅವರು ಕೊಡೋದೇ ಇಲ್ಲ. ಮೊದಲೆಲ್ಲ ಉಳಿದಿದ್ದಕ್ಕೆ ಪೇರೆಂಟ್ ಪ್ಲಸ್ ಸಾಲ ಅಂತ ಅಪ್ಪ ಅಮ್ಮ ಎಷ್ಟು ಬೇಕಾದ್ರೂ ತಗೋಬಹುದಿತ್ತು, 2026ರ ಜುಲೈ 1ರಿಂದ ಅದಕ್ಕೂ ಮಿತಿ ಬಂತು, ವರ್ಷಕ್ಕೆ 20 ಸಾವಿರ, ಒಂದು ಮಗುವಿಗೆ ಒಟ್ಟು 65 ಸಾವಿರ. ನಿಮ್ಮ ಮಗಳು ಸೇರೋದು ಈ ಆಗಸ್ಟಿಗೆ, ಅಂದ್ರೆ ಹೊಸ ರೂಲೇ ಅನ್ವಯ. 27ಕ್ಕೆ 65 ಸೇರಿಸಿದ್ರೆ 92 ಸಾವಿರ. ಇನ್ನೂ ಒಂದೂವರೆ ಲಕ್ಷ ಸಂಬಳದಿಂದ ಬರ್ಬೇಕು, ಇಲ್ಲ ಪ್ರೈವೇಟ್ ಸಾಲ, ಇಲ್ಲ ಮನೆ ಮೇಲೆ ಸಾಲ.

ಈ 65 ಸಾವಿರ ಅಂದ್ರೆ ಏನು ಅಂತಾನೂ ನೋಡಿ. 2025-26ರ ಪೇರೆಂಟ್ ಪ್ಲಸ್ ಬಡ್ಡಿ 8.94 ಪರ್ಸೆಂಟ್, ಅದರ ಮೇಲೆ ಸಾಲ ಕೊಡೋವಾಗ್ಲೇ 4.228 ಪರ್ಸೆಂಟ್ ಫೀ ಹಿಡ್ಕೊಂಡು ಕೊಡ್ತಾರೆ. ಇದೇ ಬಡ್ಡೀಲಿ 65 ಸಾವಿರಾನ ಹತ್ತು ವರ್ಷ ಕಟ್ಟಿದ್ರೆ ತಿಂಗಳಿಗೆ 820 ಡಾಲರ್, ಒಟ್ಟು 98 ಸಾವಿರ ದಾಟುತ್ತೆ. ಅದೂ ಉಳಿದ ಒಂದೂವರೆ ಲಕ್ಷ ಮುಟ್ಟದೇನೆ. ನಿಮ್ಮ ಮಗ ಈಗ ಎಂಟನೇ ಕ್ಲಾಸು ಅಂದ್ರಿ, ಅವನು ಕಾಲೇಜಿಗೆ ಹೋಗೋ ವರ್ಷಾನೇ ಅಕ್ಕನ ಕಂತು ಶುರು.

ಬೇಡ ಅಂತ ನಾನು ಹೇಳ್ತಿಲ್ಲ. ಈ ಕಾಗದಾನ ಹಾಗೇ ಮಗಳ ಮುಂದೆ ಇಡಿ. ಹದಿನೆಂಟು ವರ್ಷದ ಹುಡುಗಿಗೆ ಗೇರ್ ರೇಶಿಯೋ ಅರ್ಥ ಆಗುತ್ತೆ ಅಂದ್ಮೇಲೆ ಇದೂ ಆಗುತ್ತೆ.

ತೀರ್ಥಹಳ್ಳಿ_ಟು_ಸಿಯಾಟಲ್

ನಾವು ಔಟ್-ಆಫ್-ಸ್ಟೇಟ್ ಕಳಿಸಿದ್ವಿ, ಇವತ್ತಿಗೂ ಒಳ್ಳೇ ನಿರ್ಧಾರ ಅಂತಾನೇ ಅನ್ಸುತ್ತೆ, ಆದ್ರೆ ನಮ್ಮ ಕಾರಣ ಬೇರೆ ಇತ್ತು. ಮಗನಿಗೆ ಕಂಪ್ಯೂಟರ್ ಸೈನ್ಸ್ ಬೇಕಿತ್ತು. ನಮ್ಮ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನಲ್ಲಿ ಸೀಟು ಸಿಕ್ತು, ಕಂಪ್ಯೂಟರ್ ಸೈನ್ಸ್‌ಗೆ ಸಿಗ್ಲಿಲ್ಲ, ಅಲ್ಲಿ ಹೈಸ್ಕೂಲಿಂದ ನೇರವಾಗಿ ಆ ಡಿಪಾರ್ಟ್‌ಮೆಂಟಿಗೆ ಅಡ್ಮಿಷನ್ ಆಗದಿದ್ರೆ ಒಳಗೆ ಹೋದ್ಮೇಲೆ ಸೇರ್ಕೊಳ್ಳೋದು ಬಹಳ ಕಷ್ಟ. ಇಂಡಿಯಾನಾದ ಪರ್ಡ್ಯೂದಲ್ಲಿ ನೇರವಾಗಿ ಅದೇ ಮೇಜರ್ (ಮುಖ್ಯ ವಿಷಯ) ಸಿಕ್ತು. ಪರ್ಡ್ಯೂದವರು 2012ರಲ್ಲಿ ಇದ್ದ ಟ್ಯೂಷನ್ನೇ ಇವತ್ತಿಗೂ ಇಟ್ಕೊಂಡಿದಾರೆ, ಹೊರರಾಜ್ಯದವರಿಗೆ 28 ಸಾವಿರದ ಮೇಲೆ ಸ್ವಲ್ಪ, ರೂಮು ಊಟ ಎಲ್ಲ ಸೇರಿ 42-43 ಸಾವಿರದಲ್ಲಿ ಮುಗೀತಿತ್ತು. ಮನೆ ಹತ್ರದ್ದಕ್ಕೂ ಅದಕ್ಕೂ ವರ್ಷಕ್ಕೆ ಹತ್ತು ಸಾವಿರದ ಆಸುಪಾಸು ವ್ಯತ್ಯಾಸ. ಅದನ್ನ ನಾವು ಸಂಬಳದಲ್ಲೇ ತೂಗಿಸಿದ್ವಿ.

ಹಾಗಾಗಿ ಔಟ್-ಆಫ್-ಸ್ಟೇಟ್ ಅಂದ ತಕ್ಷಣ ಒಂದೇ ರೇಟು ಅಂದ್ಕೋಬೇಡಿ. ಪಶ್ಚಿಮದ ರಾಜ್ಯಗಳಲ್ಲಿ ಡಬ್ಲ್ಯುಯುಇ ಅಂತ ಒಪ್ಪಂದ ಇದೆ, ಸೇರಿರೋ ಕಾಲೇಜುಗಳಲ್ಲಿ ಅಲ್ಲಿನ ಇನ್-ಸ್ಟೇಟ್ ಟ್ಯೂಷನ್‌ನ ಒಂದೂವರೆ ಪಟ್ಟು ಮೀರಿ ತಗೊಳ್ಳೋ ಹಾಗಿಲ್ಲ. ಅಲಬಾಮದಂಥ ಕಡೆ ಹೊರರಾಜ್ಯದ ಮಕ್ಕಳಿಗೂ ಜಿಪಿಎ (ಸರಾಸರಿ ಗ್ರೇಡ್), ಎಸ್‌ಎಟಿ ಪರೀಕ್ಷೆ ಅಂಕ ನೋಡಿ ತಾನಾಗೇ ಸ್ಕಾಲರ್‌ಶಿಪ್ ಕೊಡ್ತಾರೆ. ಮಿಶಿಗನ್ನು, ಕ್ಯಾಲಿಫೋರ್ನಿಯಾದ ಯುಸಿಗಳು (ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳು) ಹಾಗಲ್ಲ, ಅಲ್ಲಿ ಹೊರಗಿನವರು ಪೂರ್ತಿ ದುಡ್ಡು ಕೊಟ್ಟು ಬರೋಕೆ ಸಾಲುಗಟ್ಟಿ ನಿಂತಿರ್ತಾರೆ, ಅವರಿಗೆ ಕಡಿಮೆ ಮಾಡೋ ಅಗತ್ಯ ಇಲ್ಲ.

ಆಸ್ಟಿನ್_ಹೊಸಬ

ಒಂದು ಡೌಟು. ಮೊದಲ ವರ್ಷ ಪೂರ್ತಿ ಕಟ್ಟಿ, ಮಗಳು ಅಲ್ಲೇ ಡ್ರೈವಿಂಗ್ ಲೈಸೆನ್ಸ್ ಮಾಡಿಸ್ಕೊಂಡು, ಬೇಸಿಗೇಲೂ ಅಲ್ಲೇ ಇದ್ರೆ ಎರಡನೇ ವರ್ಷದಿಂದ ಇನ್-ಸ್ಟೇಟ್ ಆಗಲ್ವಾ? ನಮ್ಮ ಆಫೀಸಲ್ಲಿ ಒಬ್ರು ಹಾಗೇ ಪ್ಲಾನ್ ಮಾಡಿದಾರೆ.

ಧಾರವಾಡದ_ಅಕ್ಕ

ಅದನ್ನ ನಂಬಿ ಮಗೀನ ಕಳಸಬ್ಯಾಡ್ರಿ. ತಂದಿ ತಾಯಿ ಯಾವ ರಾಜ್ಯದಾಗ ಇರ್ತಾರೋ ಮಗೂ ಅದ ರಾಜ್ಯದ್ದು ಅಂತ ಲೆಕ್ಕ, ಓದಾಕ ಅಂತ ಹೋಗಿ ಕುಂತ ಹನ್ನೆರಡು ತಿಂಗಳು ರೆಸಿಡೆನ್ಸಿಗೆ ಹಿಡಿಯೂದಿಲ್ರಿ, ಲೈಸೆನ್ಸು ವೋಟರ್ ಕಾರ್ಡು ಏನ ಮಾಡಿಸಿದ್ರೂ. ನಿಮ್ಮ ಟ್ಯಾಕ್ಸಿನಾಗ ಡಿಪೆಂಡೆಂಟ್ ಅಂತ ತೋರಸಿದ್ರ ಅಂತೂ ಮುಗೀತು.

ನಾವು ಮಗಳನ್ನ ಹೊರಗ ಕಳಿಸೀವಿ, ಹಂಗಾಗಿ ಕಾಲೇಜಿನವರ ಶೀಟಿನಾಗ ಬರದೇ ಇರೂ ಖರ್ಚು ಹೇಳ್ತೀನಿ ಕೇಳ್ರಿ. ನಮ್ಮ ಆರೋಗ್ಯ ಇನ್ಶುರೆನ್ಸ್ ಎಚ್‌ಎಂಒ ಇತ್ತು, ನಮ್ಮ ರಾಜ್ಯ ದಾಟಿದ ಮ್ಯಾಲೆ ಎಮರ್ಜೆನ್ಸಿ ಬಿಟ್ಟು ಏನೂ ಕೊಡ್ತಿರಲಿಲ್ಲ. ಆಕಿಗೆ ಅಕ್ಟೋಬರ್‌ದಾಗ ಜ್ವರ ಬಂದು ಹದಿನೈದು ದಿನ ಬಿಡಲಿಲ್ಲ, ಫೋನಿನಾಗ ಕೆಮ್ಮು ಕೇಳ್ಕೋತ ಕುಂದ್ರೂದು ಬಿಟ್ಟು ನನಗ ಏನೂ ಮಾಡಾಕ ಆಗಲಿಲ್ಲ, ಡಾಕ್ಟರ್ ಹತ್ರ ಹೋದ್ರ ಬಿಲ್ ನಮ್ಮ ಕೈಯಿಂದನ. ಮುಂದಿನ ವರ್ಷದಿಂದ ಕಾಲೇಜಿನ ಇನ್ಶುರೆನ್ಸನ ತಗೊಂಡ್ವಿ. ಥ್ಯಾಂಕ್ಸ್‌ಗಿವಿಂಗು, ಕ್ರಿಸ್‌ಮಸ್ಸು, ವಸಂತದ ರಜಾ, ಎಲ್ಲಾ ವಿಮಾನದ ರೇಟು ಏರಿದಾಗನ ಬರ್ತಾವು. ಮೇ ತಿಂಗಳದಾಗ ಡಾರ್ಮ್ ಖಾಲಿ ಮಾಡ್ರಿ ಅಂತಾರ, ಸಾಮಾನು ಇಡಾಕ ಸ್ಟೋರೇಜ್ ಬಾಡಿಗಿ. ಫ್ರಿಸ್ಕೋ ಅಪ್ಪಾರ, ನಿಮ್ಮ 82ರ ಮ್ಯಾಲೆ ಇವನ್ನೂ ಬರ್ಕೊಳ್ರಿ. ಎ ಅಂಡ್ ಎಂ ಇರೂ ಊರು ಕಾಲೇಜ್ ಸ್ಟೇಶನ್ನಿಗೆ ಆದ್ರ ಕಾರು ಹಾಕ್ಕೊಂಡು ಹೋಗಿ ಕರಕೊಂಡು ಬರಬೌದು.

ಎಚ್4_ತಾಯಿ

ಇಲ್ಲಿ ಎಲ್ರೂ ಸಿಟಿಜನ್ ಇಲ್ಲ ಗ್ರೀನ್ ಕಾರ್ಡ್ ಇರೋ ಮಕ್ಕಳ ಬಗ್ಗೆನೇ ಮಾತಾಡ್ತಾ ಇದೀರ ಅನ್ಸುತ್ತೆ, ನಮ್ಮಂಥವರೂ ಈ ಥ್ರೆಡ್ ಓದ್ತಾ ಇರ್ತಾರೆ ಅಂತ ಬರೀತಿದೀನಿ. ನನ್ನ ಮಗಳು ನಾಲ್ಕು ವರ್ಷದವಳಿದ್ದಾಗ ಬಂದಿದ್ದು, ಇನ್ನೂ ಎಚ್-4, ಅಂದ್ರೆ ಅಪ್ಪ ಅಮ್ಮನ ಕೆಲಸದ ವೀಸಾ ಮೇಲೆ ಸಿಗೋ ವೀಸಾ. ಫ್ಯಾಫ್ಸಾ ಅನ್ನೋ ಸರ್ಕಾರಿ ನೆರವಿನ ಅರ್ಜಿ ತುಂಬಿದ್ರೂ ಅವಳಿಗೆ ಫೆಡರಲ್ ಸಾಲ ಇಲ್ಲ, ಗ್ರಾಂಟ್ ಇಲ್ಲ, ಮೇಷ್ಟ್ರು ಹೇಳಿದ ಆ 27 ಸಾವಿರಾನೂ ಇಲ್ಲ. ಆದ್ರೆ ಟೆಕ್ಸಾಸ್, ಕ್ಯಾಲಿಫೋರ್ನಿಯಾ ಥರ ಹಲವು ರಾಜ್ಯಗಳಲ್ಲಿ ಎಚ್-4 ಮಕ್ಕಳಿಗೂ ಇನ್-ಸ್ಟೇಟ್ ಟ್ಯೂಷನ್ ಸಿಗುತ್ತೆ. ನಮಗೆ ಆಯ್ಕೆ ಅನ್ನೋದೇ ಇರ್ಲಿಲ್ಲ, ಇನ್-ಸ್ಟೇಟ್ ಒಂದೇ ದಾರಿ.

ಅದಕ್ಕಿಂತ ದೊಡ್ಡದು 21ನೇ ಹುಟ್ಟುಹಬ್ಬ. ಅವತ್ತಿಗೆ ಎಚ್-4 ಮುಗಿಯುತ್ತೆ, ಸ್ಟೂಡೆಂಟ್ ವೀಸಾ ಎಫ್-1ಗೆ ಹೋಗ್ಬೇಕು, ಅದು ಸಾಮಾನ್ಯವಾಗಿ ಕಾಲೇಜಿನ ಮೂರನೇ ವರ್ಷದಲ್ಲೇ ಬರುತ್ತೆ. ಎಚ್-4ರಲ್ಲಿ ಮಕ್ಕಳು ಕೆಲಸ ಮಾಡೋ ಹಾಗಿಲ್ಲ, ದುಡ್ಡು ಕೊಡೋ ಇಂಟರ್ನ್‌ಶಿಪ್ ಕೂಡ ಆಗಲ್ಲ, ಎಫ್-1ರಲ್ಲಿ ಸಿಪಿಟಿ, ಒಪಿಟಿ ಅನ್ನೋ ಕೆಲಸದ ಅನುಮತಿಗಳು ಸಿಗುತ್ತೆ ಅಂತ ಕೆಲವರು ಮೊದಲೇ ಬದಲಾಯಿಸ್ತಾರೆ. ಆದ್ರೆ ಬದಲಾಯಿಸಿದ್ಮೇಲೆ ಇನ್-ಸ್ಟೇಟ್ ರೇಟು ಉಳಿಯುತ್ತಾ ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸೇರೋಕೆ ಮುಂಚೆ ರಿಜಿಸ್ಟ್ರಾರ್ ಆಫೀಸಿಗೆ ಇಮೇಲ್ ಹಾಕಿ ಬರವಣಿಗೇಲಿ ಉತ್ತರ ತರಿಸಿಕೊಳ್ಳಿ, ಫೋನಲ್ಲಿ ಹೇಳಿದ್ದನ್ನ ನಂಬ್ಕೊಂಡು ಕೂರಬೇಡಿ. ನಾನು ಆ ಇಮೇಲ್ ಪ್ರಿಂಟ್ ಹಾಕಿ ಪಾಸ್‌ಪೋರ್ಟ್ ಜೊತೆ ಇಟ್ಟಿದೀನಿ.

ಮೊದಲನೇ_ಮಗ

ನಾನು ಇಲ್ಲೇ ಹುಟ್ಟಿ ಬೆಳೆದವನು, ಈಗ 27. ನನ್ನ ಕನ್ನಡದಲ್ಲಿ ತಪ್ಪಿದ್ರೆ ಕ್ಷಮಿಸಿ. ಅಪ್ಪ ಅಮ್ಮ ಮಾತಾಡೋದು ಓದಿದೆ, ಮಕ್ಕಳ ಕಡೆಯಿಂದ ಯಾರೂ ಬರ್ದಿಲ್ಲ ಅಂತ ಬರೀತಿದೀನಿ. ನಮ್ಮ ಮನೇಲೂ "ದುಡ್ಡಿನ ವಿಷ್ಯ ನಮಗೆ ಬಿಡು" ಅಂದಿದ್ರು. ನಾನು ಖುಷಿಯಾಗಿ ದೂರದ ದುಬಾರಿ ಕಾಲೇಜಿಗೆ ಹೋದೆ. ಎರಡನೇ ವರ್ಷದಲ್ಲಿ ಇಂಜಿನಿಯರಿಂಗ್ ನನಗಲ್ಲ ಅಂತ ಗೊತ್ತಾಯ್ತು. ಆ ಬೇಸಿಗೇಲಿ ಮನೆಗೆ ಬಂದಾಗ ಅಪ್ಪನ ಕಾರ್ ಅದೇ ಹಳೇದು, ಏರ್ ಕಂಡೀಷನ್ ಕೆಟ್ಟಿತ್ತು, ಅವರು ಕಿಟಕಿ ಇಳಿಸ್ಕೊಂಡು ಓಡಿಸ್ತಿದ್ರು. ಏರ್‌ಪೋರ್ಟಿಂದ ಮನೆವರೆಗೂ ನಾನು ಏನೂ ಹೇಳ್ಲಿಲ್ಲ. ಹೇಳೋಕೆ ಇನ್ನೂ ಒಂದು ವರ್ಷ ತಗೊಂಡೆ, ಆ ವರ್ಷದ ದುಡ್ಡೂ ಹೋಯ್ತು. ಅವರು ಬೈಲಿಲ್ಲ, ಒಂದು ಮಾತೂ ಬೈಲಿಲ್ಲ. ನಂಗೆ ಮೊದಲೇ ಲೆಕ್ಕ ಗೊತ್ತಿದ್ದಿದ್ರೆ ಬಹುಶಃ ಬೇರೆ ಕಾಲೇಜು ಆರಿಸ್ತಿದ್ದೆ, ಅಥವಾ ಅದನ್ನೇ ಆರಿಸಿದ್ರೂ ಬೇಗ ಬಾಯಿ ಬಿಡ್ತಿದ್ದೆ. ಅಂಕಲ್, ನಿಮ್ಮ ಮಗಳಿಗೆ ಮುಚ್ಚಿಡಬೇಡಿ. ನಮಗೆ ಹೇಗಿದ್ರೂ ಗೊತ್ತಾಗುತ್ತೆ, ತಡವಾಗಿ ಗೊತ್ತಾಗುತ್ತೆ ಅಷ್ಟೇ.

ನೋವೈ_ನಿವಾಸಿ

ನಾನು ಮಿಶಿಗನ್‌ನವನೇ, ಆನ್ ಆರ್ಬರ್‌ಗೆ ಅರ್ಧ ಗಂಟೆ ದೂರ. ಮಗ ಅಲ್ಲೇ ಇಂಜಿನಿಯರಿಂಗ್ ಓದ್ತಿದಾನೆ, ನಮಗೆ ಇನ್-ಸ್ಟೇಟ್. ಹಾಗಾಗಿ ಕಾಲೇಜಿನ ಪರವಾಗಿ ಒಂದಷ್ಟು ಹೇಳಲೇಬೇಕು, ಇಲ್ದಿದ್ರೆ ಹುಡುಗಿಗೆ ಅನ್ಯಾಯ ಆಗುತ್ತೆ. ಅಲ್ಲಿ ಇಂಜಿನಿಯರಿಂಗ್ ಕಾಲೇಜಿಗೆ ಒಮ್ಮೆ ಸೇರಿದ್ರೆ ಮೆಕ್ಯಾನಿಕಲ್ ತಗೊಳ್ಳೋಕೆ ಮತ್ತೆ ಪೈಪೋಟಿ ಇಲ್ಲ, ಪಾಸಾಗ್ತಾ ಇದ್ರೆ ಸಾಕು, ಕಂಪ್ಯೂಟರ್ ಸೈನ್ಸ್‌ಗೆ ಮಾತ್ರ ಬೇರೆ ರೂಲು. ವಿಲ್ಸನ್ ಸೆಂಟರ್ ಅಂತ ಒಂದು ಕಟ್ಟಡ ಇದೆ, ರೇಸ್ ಕಾರು, ಸೋಲಾರ್ ಕಾರು ಮಾಡೋ ಸ್ಟೂಡೆಂಟ್ ಟೀಮುಗಳ ವರ್ಕ್‌ಶಾಪು, ರಾತ್ರಿ ಹೋದ್ರೂ ದೀಪ ಉರೀತಾ ಇರುತ್ತೆ. ಗೇರ್‌ಬಾಕ್ಸ್ ಬಿಚ್ಚೋ ಹುಡುಗಿಗೆ ಅದು ಹಬ್ಬ.

ಅಷ್ಟು ಹೇಳಿದ್ಮೇಲೂ, ನಾನು ಟೆಕ್ಸಾಸ್‌ನಲ್ಲಿ ಇದ್ದಿದ್ರೆ ಸಾಲ ಮಾಡಿ ಕಳಿಸ್ತಿದ್ನಾ ಅಂತ ಕೇಳಿದ್ರೆ, ಇಲ್ಲ. ದುಡ್ಡು ಕೂಡಿಟ್ಟಿರೋರು ಕಳಿಸ್ಲಿ, ಒಳ್ಳೇ ಕಾಲೇಜು. 2 ಲಕ್ಷ ಸಾಲ ಮಾಡಿ ಮೆಕ್ಯಾನಿಕಲ್ ಡಿಗ್ರಿ ತಗೊಳ್ಳೋಕೆ ನನ್ನ ಮನಸ್ಸು ಒಪ್ಪಲ್ಲ. ಎರಡೂ ಕಡೆ ಎಬೆಟ್ ಮಾನ್ಯತೆ ಇರೋ ಡಿಗ್ರಿನೇ, ನಾನು ಆಟೋ ಕಂಪನೀಲಿ ಜನ ತಗೊಳ್ಳೋ ಕೆಲಸಾನೂ ಮಾಡ್ತೀನಿ, ಮೊದಲ ಕೆಲಸದ ಆಫರ್‌ನಲ್ಲಿ ಎ ಅಂಡ್ ಎಂನವರಿಗೆ ಒಂದು ಸಂಬಳ, ನಮ್ಮೂರಿನವರಿಗೆ ಇನ್ನೊಂದು ಅಂತ ನಾನಂತೂ ಬರೆದಿಲ್ಲ.

ಫ್ರಿಸ್ಕೋ_ಅಪ್ಪ

ಎಲ್ಲಾ ಓದಿದೆ, ಎರಡೆರಡು ಸಲ ಓದಿದೆ. ಮೊದಲನೇ ಮಗನ ಪೋಸ್ಟನ್ನ ಹೆಂಡತಿಗೂ ಓದಿ ಹೇಳಿದೆ, ಸ್ವಲ್ಪ ಹೊತ್ತು ಇಬ್ರೂ ಮಾತಾಡ್ಲಿಲ್ಲ. ನೋವೈ ಸರ್ ಹೇಳಿದ ಮೇಜರ್ ವಿಷಯಾನೇ ನಂಗೆ ಕಾಡ್ತಿರೋದು, ಎ ಅಂಡ್ ಎಂನಲ್ಲಿ ಮೊದಲ ವರ್ಷ ಎಲ್ರೂ ಜನರಲ್ ಇಂಜಿನಿಯರಿಂಗ್, ಆಮೇಲೆ ಮೆಕ್ಯಾನಿಕಲ್ ಸಿಗದೇ ಹೋದ್ರೆ? ಅಲ್ಲಿ ಓದಿದವರು ಯಾರಾದ್ರೂ ಇದೀರಾ?

ಬ್ರಯಾನ್_ಬಳ್ಳಾರಿ

ಇದೀನಿ ಸರ್, ಅಲ್ಲೇ ಓದಿದ್ದು, ಈಗ ಪಕ್ಕದ ಊರಲ್ಲೇ ಕೆಲಸ. ನೀವು ಹೇಳ್ತಿರೋದಕ್ಕೆ ಈಟ್ಯಾಮ್ ಅಂತಾರೆ, ಎಂಟ್ರಿ ಟು ಎ ಮೇಜರ್. ಮೊದಲ ವರ್ಷದ ಜಿಪಿಎ 4ಕ್ಕೆ 3.75 ಅಥವಾ ಮೇಲಿದ್ರೆ ಮೊದಲ ಆಯ್ಕೆ ಮೇಜರ್ ಖಾತ್ರಿ. ಕೆಳಗಿದ್ರೆ ಅಪ್ಲಿಕೇಶನ್ ಓದಿ, ಸೀಟು ನೋಡಿ ಕೊಡ್ತಾರೆ, ಮೆಕ್ಯಾನಿಕಲ್‌ಗೆ ಕೇಳೋರು ಜಾಸ್ತಿನೇ. 3.75 ಸುಲಭ ಅಂತ ಹೇಳಿ ನಿಮಗೆ ಸಮಾಧಾನ ಮಾಡಲ್ಲ, ಮೊದಲ ಸೆಮಿಸ್ಟರ್ ಫಿಸಿಕ್ಸು ಕ್ಯಾಲ್ಕುಲಸ್ ಎರಡೂ ಹಿಂಡ್ತವೆ. ಮಗಳು ಇದನ್ನ ತಿಳ್ಕೊಂಡೇ ಬರ್ಬೇಕು. ಮಿಶಿಗನ್ ಕಡೆ ತೂಗೋ ನಿಜವಾದ ಅಂಶ ಅಂದ್ರೆ ನನ್ನ ಪ್ರಕಾರ ಇದೊಂದೇ.

ಇನ್ನೊಂದು ವಿಷ್ಯ. ಟೆಕ್ಸಾಸ್‌ನಲ್ಲಿ 2015ರ ಕಾನೂನಿನ ಪ್ರಕಾರ ಸರ್ಕಾರಿ ಯೂನಿವರ್ಸಿಟಿಗಳು ಎಪಿ ಪರೀಕ್ಷೇಲಿ (ಹೈಸ್ಕೂಲಲ್ಲೇ ಬರೆಯೋ ಕಾಲೇಜ್ ಮಟ್ಟದ ಪರೀಕ್ಷೆ) 5ಕ್ಕೆ 3 ಬಂದ್ರೂ ಸಾಮಾನ್ಯವಾಗಿ ಕ್ರೆಡಿಟ್ ಕೊಡ್ಬೇಕು. ಹತ್ತು ಎಪಿ ಮಾಡಿದ ಮಕ್ಕಳು ಒಂದು ಸೆಮಿಸ್ಟರ್, ಕೆಲವರು ಒಂದು ವರ್ಷ ಉಳಿಸ್ತಾರೆ. ಹಿಸ್ಟರಿ, ಇಂಗ್ಲಿಷ್, ಗವರ್ನಮೆಂಟ್ ಇವೆಲ್ಲ ಕಣ್ಣು ಮುಚ್ಚಿ ತಗೊಳ್ಳಿ.

ಲೆಕ್ಕದ_ಮೇಷ್ಟ್ರು

ಬ್ರಯಾನ್‌ನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಮಗಳಿಗೆ ಮುಂದೆ ಮಾಸ್ಟರ್ಸ್ ಆಸೆ ಇದೆಯಾ ಕೇಳಿ. 2026ರ ಜುಲೈಯಿಂದ ಹೊಸಬರಿಗೆ ಗ್ರಾಡ್ ಪ್ಲಸ್ ಸಾಲ ನಿಂತುಹೋಗುತ್ತೆ, ಮಾಸ್ಟರ್ಸ್‌ಗೆ ಸರ್ಕಾರದ ಸಾಲ ವರ್ಷಕ್ಕೆ 20,500, ಒಟ್ಟು 1 ಲಕ್ಷ. ಈಗ ಕೈ ಖಾಲಿ ಮಾಡ್ಕೊಂಡ್ರೆ ಆಗ ಅವಳಿಗೆ ಕೈ ಹಿಡಿಯೋಕೆ ನಿಮ್ಮ ಹತ್ರ ಏನೂ ಇರಲ್ಲ. ಮಾಸ್ಟರ್ಸ್ ಅದೇ ಮಿಶಿಗನ್‌ನಲ್ಲಿ ಮಾಡ್ಲಿ, ಒಂದೂವರೆ ಎರಡು ವರ್ಷದ ಮಾತು.

ಫ್ರಿಸ್ಕೋ_ಅಪ್ಪ

ಹತ್ತು ದಿನ ಆಯ್ತು, ಏನಾಯ್ತು ಅಂತ ಬರೀತೀನಿ.

ಶನಿವಾರ ಬೆಳಿಗ್ಗೆ ಊಟದ ಟೇಬಲ್ ಮೇಲೆ ಲೆಕ್ಕದ ಕಾಗದ ಇಟ್ಟೆ, ಮೇಷ್ಟ್ರು ಬರೆದಿದ್ದನ್ನೂ, ನಮ್ಮ ಸಂಬಳ, ಮನೆ ಕಂತು, ತಮ್ಮನ 529ರಲ್ಲಿ ಎಷ್ಟಿದೆ ಅನ್ನೋದನ್ನೂ, ಏನೂ ಮುಚ್ಚಿಡದೆ. ಮೊದಲು "ಅಪ್ಪಾ, ಇದನ್ನ ನೀವು ಅಕ್ಟೋಬರಲ್ಲೇ ಯಾಕೆ ಹೇಳ್ಲಿಲ್ಲ" ಅಂದ್ಲು. ನಂಗೆ ಉತ್ತರ ಇರ್ಲಿಲ್ಲ, ತಪ್ಪಾಯ್ತು ಅಂದೆ. ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ಲು, ಸಂಜೆವರೆಗೂ ಬರ್ಲಿಲ್ಲ. ಸಂಜೆ ಪೆನ್ಸಿಲ್ ಹಿಡ್ಕೊಂಡು ಅದೇ ಕಾಗದದ ಹಿಂದೆ ಏನೋ ಬರ್ಕೊಂಡು ಬಂದ್ಲು, 820ನ್ನ 120ರಿಂದ ಗುಣಿಸಿ ನೋಡಿದ್ಲು ಪಾಪ, ಮೇಷ್ಟ್ರ ಲೆಕ್ಕ ಸರಿ ಇದೆಯಾ ಅಂತ. ಸರಿ ಇತ್ತು.

ಮುಂದಿನ ವಾರ ಮೂರೂವರೆ ಗಂಟೆ ಡ್ರೈವ್ ಮಾಡಿ ಕಾಲೇಜ್ ಸ್ಟೇಶನ್ನಿಗೆ ಹೋಗಿದ್ವಿ. ಟೂರ್ ಮುಗಿದ್ಮೇಲೆ ಜ್ಯಾಕ್ರಿ ಕಟ್ಟಡದಲ್ಲಿ ರೋಬಾಟಿಕ್ಸ್ ಟೀಮಿನ ಒಬ್ಬ ಹುಡುಗನ್ನ ನಿಲ್ಲಿಸಿ ಇವಳು ಕೇಳಿದ್ದು ಒಂದೇ ಪ್ರಶ್ನೆ, ಮೊದಲ ವರ್ಷದವರಿಗೆ ಮಷೀನ್ ಮುಟ್ಟೋಕೆ ಬಿಡ್ತೀರಾ, ಇಲ್ಲ ಬರೀ ಮೀಟಿಂಗಾ. ಅವನು ಟ್ರೈನಿಂಗ್ ಯಾವಾಗ, ಯಾವ ಮಷೀನಿಗೆ ಎಷ್ಟು ದಿನ ಅಂತ ಹೇಳೋಕೆ ಶುರು ಮಾಡಿದ, ನಾವಿಬ್ರೂ ಪಕ್ಕದಲ್ಲಿ ನಲವತ್ತು ನಿಮಿಷ ನಿಂತಿದ್ವಿ. ವಾಪಸ್ ಬರ್ತಾ ಕಾರಲ್ಲಿ ಎರಡು ಮಾತು ಕೇಳಿದ್ಲು. ಮಾಸ್ಟರ್ಸ್‌ಗೆ ಅಂತ ತಿಂಗಳು ತಿಂಗಳು ಒಂದಿಷ್ಟು ಎತ್ತಿಡ್ತೀವಿ ಅಂತ ಮಾತು ಕೊಡಿ, ಮತ್ತೆ ಯುಗಾದೀಲಿ ಸಿಕ್ಕವರು ಕೇಳಿದ್ರೆ ನೀವು ಉತ್ತರ ಕೊಡಬೇಡಿ, ನಾನೇ ಹೇಳ್ತೀನಿ. ಎರಡಕ್ಕೂ ಹೂಂ ಅಂದ್ವಿ.

ಮೊನ್ನೆ ರಾತ್ರಿ ಎ ಅಂಡ್ ಎಂಗೆ ಒಪ್ಪಿಗೆ ಕೊಟ್ಲು. ಮಿಶಿಗನ್‌ಗೆ ಬೇಡ ಅಂತ ತಿಳಿಸೋದನ್ನ ಇನ್ನೂ ಮಾಡಿಲ್ಲ, ಮೇ 1ರವರೆಗೆ ಹಾಗೇ ಇರ್ಲಿ ಅಂದಿದಾಳೆ, ನಾವೂ ಕೇಳೋಕೆ ಹೋಗಿಲ್ಲ.

ಈಗ ಒಂದೇ ಡೌಟು ಉಳಿದಿದೆ. ಎಪಿ ಕ್ಯಾಲ್ಕುಲಸ್ ಬಿ.ಸಿ. ಪರೀಕ್ಷೆ ಹನ್ನೊಂದನೇ ಕ್ಲಾಸಲ್ಲೇ ಬರೆದಿದ್ಲು, 5 ಬಂದಿದೆ. ಕ್ರೆಡಿಟ್ ತಗೊಂಡು ನೇರ ಮುಂದಿನ ಗಣಿತಕ್ಕೆ ಹೋಗಬೇಕಾ, ಅಥವಾ ಆ 3.75 ಗೋಸ್ಕರ ಮೊದಲಿಂದ ಮಾಡ್ಬೇಕಾ?

ಬ್ರಯಾನ್_ಬಳ್ಳಾರಿ

ಬಹಳ ಸಂತೋಷ ಸರ್. ಎ ಅಂಡ್ ಎಂನಲ್ಲಿ ಎಪಿ ಕ್ರೆಡಿಟ್ ತಾನಾಗೇ ಸೇರಲ್ಲ, ಯಾವುದು ಬೇಕೋ ಅದನ್ನ ಸ್ಟೂಡೆಂಟೇ ಒಪ್ಕೊಂಡು ತಗೋಬೇಕು, ಒಮ್ಮೆ ತಗೊಂಡ್ರೆ ವಾಪಸ್ ಇಲ್ಲ ಅಂತಾನೇ ತಿಳ್ಕೊಳ್ಳಿ. ಹಾಗಾಗಿ ಜೂನ್‌ನಲ್ಲಿ ಅವಸರ ಮಾಡ್ಬೇಡಿ. ಹೊಸ ಸ್ಟೂಡೆಂಟ್ ಕಾನ್ಫರೆನ್ಸಿಗೆ ಬಂದಾಗ ಅಡ್ವೈಸರ್ ಹತ್ರ ಕೂತು ಗಣಿತ, ಫಿಸಿಕ್ಸ್ ಎರಡನ್ನೂ ಮಾತಾಡಿ. ನಾನಾದ್ರೆ ಮೊದಲ ಕ್ಯಾಲ್ಕುಲಸ್‌ಗೆ ಕ್ರೆಡಿಟ್ ತಗೊಂಡು ಎರಡನೇದನ್ನ ಕ್ಯಾಂಪಸ್‌ನಲ್ಲೇ ಮಾಡ್ತಿದ್ದೆ, ಗೊತ್ತಿರೋ ಪಾಠ, ಮೊದಲ ಸೆಮಿಸ್ಟರಲ್ಲಿ ಎ ಗ್ರೇಡ್ ಬಂದ್ರೆ ಆ 3.75ಕ್ಕೆ ಆಸರೆ. ಆಗಸ್ಟಲ್ಲಿ ಸಾಮಾನು ಇಳಿಸೋಕೆ ಬಂದಾಗ ಮೆಸೇಜ್ ಹಾಕಿ, ನನ್ನ ಹತ್ರ ಪಿಕಪ್ ಟ್ರಕ್ ಇದೆ.